ಇಪ್ಪತ್ತು ಟಾಸ್ ಸೋತ ಮೇಲೆ

(ಪದವಿ ಕಾಲೇಜೊಂದರ ವಿಜ್ಞಾನ ಸಂಘದವರು ಕರೆಸಿ ಆಡಿಸಿದ ಮಾತುಗಳ ಬರಹ ರೂಪ ಇದು. ಆಡುಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಬಿಟ್ಟಿದ್ದೇನೆ. ಬೋರ್ಡಿನ ಮೇಲೆ ಬರೆದ ಲೆಕ್ಕಗಳಲ್ಲಿ ಓದಿಗೆ ತೊಡಕಾಗುವಂಥವನ್ನು ಕೈಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕ್ರಿಕೆಟ್ ನೋಡುವವರು ಎಷ್ಟು ಜನ ಇದ್ದೀರಿ, ಕೈಯೆತ್ತಿ. ಸರಿ ಸರಿ, ನೋಡದವರು ಎತ್ತಿ ಅಂದಿದ್ದರೆ ಎಣಿಸುವುದು ಸುಲಭ ಇತ್ತು.

2025ರ ಡಿಸೆಂಬರ್ 6ರಂದು ವಿಶಾಖಪಟ್ಟಣದಲ್ಲಿ ದಕ್ಷಿಣ ಆಫ್ರಿಕಾ ಎದುರು ಏಕದಿನ ಪಂದ್ಯ ಇತ್ತು. ನಮ್ಮ ಕೆ.ಎಲ್. ರಾಹುಲ್ ನಾಯಕ. ಎಡಗೈಯಲ್ಲಿ ನಾಣ್ಯ ಹಾರಿಸಿದರು, ಟಾಸ್ ಗೆದ್ದರು. ಪಂದ್ಯ ಇನ್ನೂ ಶುರುವಾಗಿಲ್ಲ, ಆದರೆ ಗೆದ್ದಷ್ಟೇ ಸಂಭ್ರಮ. ಯಾಕೆ? 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ನಡೆದ ವಿಶ್ವಕಪ್ ಫೈನಲ್‌ನಿಂದ ಹಿಡಿದು ಅಲ್ಲಿಯವರೆಗೆ ಭಾರತದ ಪುರುಷರ ತಂಡ ಏಕದಿನ ಪಂದ್ಯಗಳಲ್ಲಿ ಸತತ 20 ಟಾಸ್ ಸೋತಿತ್ತು. ರೋಹಿತ್ ಶರ್ಮಾ ಸೋತರು, ಶುಭಮನ್ ಗಿಲ್ ಸೋತರು, ರಾಹುಲ್ ಅವರೇ ಅದಕ್ಕೆ ಮುಂಚೆ ಐದು ಸಲ ಸೋತಿದ್ದರು. ಟಾಸ್ ಸೋತರೆ ಪಂದ್ಯವೂ ಹೋಯಿತು ಅಂದುಕೊಳ್ಳಬೇಡಿ. ಇದೇ ಸಾಲಿನ ನಡುವೆ 2025ರ ಚಾಂಪಿಯನ್ಸ್ ಟ್ರೋಫಿ ಬಂತು. ಐದಕ್ಕೆ ಐದೂ ಟಾಸ್ ಸೋತು, ಐದೂ ಪಂದ್ಯ ಗೆದ್ದು ಕಪ್ ತಂದರು.

ಈಗ ನನ್ನ ಪ್ರಶ್ನೆ. ಇಪ್ಪತ್ತು ಸೋತ ಮೇಲೆ ಇಪ್ಪತ್ತೊಂದನೆಯದನ್ನು ಗೆಲ್ಲುವ ಸಾಧ್ಯತೆ ಎಷ್ಟು? ಇಲ್ಲಿ ಹಿಂದೆ ಕುಳಿತವರು ‘ಅರ್ಧ’ ಅಂದರು. ಪರೀಕ್ಷೆಯಾದರೆ ಪೂರ್ತಿ ಮಾರ್ಕ್ಸು. ಆದರೆ ಆವತ್ತು ಟೀವಿ ಮುಂದೆ ಕೂತಿದ್ದಾಗ ನೀವು ಏನು ಅಂದುಕೊಂಡಿರಿ? ನಾನು ಕೇಳಿದ್ದು ಎರಡೇ ಮಾತು. ಒಂದು, ‘ಇಷ್ಟು ಸೋತಿದ್ದಾರೆ, ಈ ಸಲ ಬಂದೇ ಬರಬೇಕು’. ಇನ್ನೊಂದು, ‘ನಸೀಬು ಕೆಟ್ಟಿದೆ ಬಿಡಿ, ಇದೂ ಹೋಗತ್ತೆ’. ಕೇಳುವುದಕ್ಕೆ ತದ್ವಿರುದ್ಧ ಅನ್ನಿಸಿದರೂ ಇಬ್ಬರ ನಂಬಿಕೆಯೂ ಒಂದೇ: ಹಿಂದಿನ ಇಪ್ಪತ್ತರ ಲೆಕ್ಕವನ್ನು ನಾಣ್ಯ ಎಲ್ಲೋ ಬರೆದಿಟ್ಟುಕೊಂಡಿದೆ.

ಎರಡನೆಯವರ ಜೊತೆ ನನಗೆ ಜಗಳ ಇಲ್ಲ. ಮೊದಲನೆಯವರ ಜೊತೆ ಇದೆ, ಯಾಕೆಂದರೆ ಅವರು ನಮ್ಮ ಶಾಸ್ತ್ರವನ್ನೇ ಸಾಕ್ಷಿಗೆ ಕರೆಯುತ್ತಾರೆ. ‘ದೊಡ್ಡ ಸಂಖ್ಯೆಗಳ ನಿಯಮ ಅಂತ ಇದೆಯಲ್ಲ ಸಾರ್? ಕೊನೆಗೆ ಅರ್ಧರ್ಧ ಆಗಲೇಬೇಕು. ಹಾಗಿದ್ದರೆ ಇಷ್ಟು ದಿನ ಟೇಲ್ ಬಿದ್ದದ್ದಕ್ಕೆ ಇನ್ನು ಮುಂದೆ ಹೆಡ್ ಜಾಸ್ತಿ ಬೀಳಬೇಕಲ್ವಾ?’ ಈ ಪ್ರಶ್ನೆಯಲ್ಲಿ ದಡ್ಡತನ ಏನೂ ಇಲ್ಲ. ನಿಯಮ ನಿಜ, ಕೊನೆಗೆ ಅರ್ಧರ್ಧ ಆಗುವುದೂ ನಿಜ. ‘ಹಾಗಿದ್ದರೆ’ ಅಂತ ಶುರುವಾಗುವ ಮುಂದಿನ ವಾಕ್ಯ ಮಾತ್ರ ಸುಳ್ಳು. ಈ ಸಂಜೆ ಅದೊಂದನ್ನು ಬಿಡಿಸಿ ಹೇಳಿದರೆ ನನ್ನ ಕೆಲಸ ಆಯಿತು.

ಹತ್ತನೇ ತರಗತಿಯ ಗಣಿತ ಪುಸ್ತಕದಲ್ಲಿ ಸಂಭವನೀಯತೆ ಪಾಠದ ಆರಂಭದಲ್ಲಿ ಮೂರು ಹೆಸರು ಬರುತ್ತಿದ್ದವು, ನೆನಪಿದೆಯಾ? ಬಫನ್ 4,040 ಸಲ ನಾಣ್ಯ ಹಾರಿಸಿದ, 2,048 ಹೆಡ್ ಬಿತ್ತು. ಕಾರ್ಲ್ ಪಿಯರ್ಸನ್ 24,000 ಸಲ ಹಾರಿಸಿದ, 12,012 ಹೆಡ್. ನಡುವೆ ಕೆರಿಚ್ ಅಂತ ಒಬ್ಬ, 10,000 ಸಲಕ್ಕೆ 5,067. ಪುಸ್ತಕದಲ್ಲಿ ಇಷ್ಟೇ ಇರುತ್ತಿತ್ತು. ಓದಿದ ಮಕ್ಕಳಿಗೆ ಏನನ್ನಿಸುತ್ತಿತ್ತು? ‘ಇವರಿಗೆ ಬೇರೆ ಕೆಲಸ ಇರಲಿಲ್ಲವಾ?’

ಕೆರಿಚ್‌ಗೆ ನಿಜವಾಗಿಯೂ ಬೇರೆ ಕೆಲಸ ಇರಲಿಲ್ಲ. ಜಾನ್ ಕೆರಿಚ್ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ನಲ್ಲಿ ಗಣಿತ ಹೇಳಿಕೊಡುತ್ತಿದ್ದವರು. 1940ರ ಏಪ್ರಿಲ್‌ನಲ್ಲಿ ಹೆಂಡತಿಯ ಕಡೆಯವರನ್ನು ನೋಡಲು ಡೆನ್ಮಾರ್ಕಿನ ಕೋಪನ್‌ಹೇಗನ್‌ಗೆ ಹೋಗಿದ್ದರು. 9ನೇ ತಾರೀಕು ಜರ್ಮನ್ ಸೈನ್ಯ ಡೆನ್ಮಾರ್ಕಿಗೆ ನುಗ್ಗಿತು. ಶತ್ರುದೇಶದ ಪ್ರಜೆ ಅಂತ ಇವರನ್ನು ಹಿಡಿದು ಯೂಟ್ಲಂಡಿನ ಶಿಬಿರವೊಂದರಲ್ಲಿ ಕೂಡಿಹಾಕಿದರು. ಪುಣ್ಯಕ್ಕೆ ಶಿಬಿರ ನಡೆಸುತ್ತಿದ್ದವರು ಡೇನಿಷ್ ಜನ. ಹಿಂಸೆ ಇರಲಿಲ್ಲ, ಬೇಕಾದಷ್ಟು ಬೇಸರ ಇತ್ತು. ಎರಿಕ್ ಕ್ರಿಸ್ಟೆನ್ಸನ್ ಎಂಬ ಇನ್ನೊಬ್ಬ ಬಂದಿಯನ್ನು ಜೊತೆಗೆ ಹಾಕಿಕೊಂಡು ನಾಣ್ಯ ಹಾರಿಸತೊಡಗಿದರು. ಒಂದೊಂದನ್ನೂ ಬರೆದಿಟ್ಟುಕೊಂಡರು. ಯುದ್ಧ ಮುಗಿದು 1946ರಲ್ಲಿ ಅದೆಲ್ಲ ಸಣ್ಣ ಪುಸ್ತಕವಾಗಿ ಬಂತು. ಮುಂದೆ ವಿಟ್‌ವಾಟರ್ಸ್‌ರ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರಾದರು.

ನಮ್ಮ ಶಾಲಾಪುಸ್ತಕ ಕೊನೆಯ ಸಂಖ್ಯೆಯನ್ನು ಮಾತ್ರ ಕೊಡುತ್ತಿತ್ತು. ಕೆರಿಚ್ ಪಟ್ಟಿಯ ನಿಜವಾದ ರುಚಿ ಇರುವುದು ದಾರಿಯಲ್ಲಿ. ಬನ್ನಿ, ಬೋರ್ಡಿನ ಮೇಲೆ ಬರೆಯುತ್ತಾ ಹೋಗೋಣ.

ಹತ್ತು ಸಲ ಹಾರಿಸಿದಾಗ 4 ಹೆಡ್. ಅರ್ಧಕ್ಕಿಂತ ಒಂದು ಕಡಿಮೆ. ನೂರು ಸಲಕ್ಕೆ 44. ಆರು ಕಡಿಮೆ. ಐನೂರಕ್ಕೆ 255, ಈಗ ಐದು ಜಾಸ್ತಿ ಆಯಿತು. ಏಳುನೂರಕ್ಕೆ 368, ಅಂದರೆ ಹದಿನೆಂಟು ಜಾಸ್ತಿ. ಸಾವಿರಕ್ಕೆ ಬರುವಷ್ಟರಲ್ಲಿ 502, ಎರಡೇ ಜಾಸ್ತಿ. ನೋಡಿ, ಯಾರೋ ಇಲ್ಲಿ ‘ಹಾ, ಸರಿಹೋಯ್ತು’ ಅಂದರು. ಸ್ವಲ್ಪ ತಡೆಯಿರಿ. ಎರಡು ಸಾವಿರಕ್ಕೆ 1,013. ನಾಲ್ಕು ಸಾವಿರಕ್ಕೆ 2,029. ಐದು ಸಾವಿರಕ್ಕೆ 2,533, ಮೂವತ್ತಮೂರು ಜಾಸ್ತಿ. ಆರು ಸಾವಿರಕ್ಕೆ 3,009. ಮತ್ತೆ ಒಂಬತ್ತಕ್ಕೆ ಇಳಿಯಿತು. ಎಂಟು ಸಾವಿರಕ್ಕೆ 4,034. ಒಂಬತ್ತು ಸಾವಿರಕ್ಕೆ 4,538. ಹತ್ತು ಸಾವಿರಕ್ಕೆ 5,067. ಅರವತ್ತೇಳು ಜಾಸ್ತಿ!

ನೂರು ಸಲಕ್ಕೆ ಆರು ವ್ಯತ್ಯಾಸ ಇದ್ದದ್ದು ಹತ್ತು ಸಾವಿರಕ್ಕೆ ಅರವತ್ತೇಳಾಯಿತು. ಕಡಿಮೆಯಾಗಲಿಲ್ಲ, ಬೆಳೆಯಿತು. ಆದರೆ ಶೇಕಡಾವಾರು ನೋಡಿ. ನೂರಕ್ಕೆ 44 ಅಂದರೆ ಶೇ 44. ಹತ್ತು ಸಾವಿರಕ್ಕೆ 5,067 ಅಂದರೆ ಶೇ 50.67. ಎಣಿಕೆಯಲ್ಲಿ ಅರ್ಧದಿಂದ ದೂರ ಹೋಗುತ್ತಾ ಹೋಗುತ್ತಾ, ಪ್ರಮಾಣದಲ್ಲಿ ಅರ್ಧಕ್ಕೆ ಹತ್ತಿರ ಬಂದಿದೆ. ಎರಡೂ ಒಟ್ಟಿಗೇ ಆಗಿದೆ. ದೊಡ್ಡ ಸಂಖ್ಯೆಗಳ ನಿಯಮ ಮಾತು ಕೊಡುವುದು ಎರಡನೆಯದರ ಬಗ್ಗೆ ಮಾತ್ರ. ಹೆಡ್ ಟೇಲ್ ಸರಿಸಮ ಆಗುತ್ತವೆ ಅಂತ ಅದು ಎಲ್ಲೂ ಹೇಳಿಲ್ಲ.

ತಿದ್ದುಪಡಿ ಇಲ್ಲದೆ ಪ್ರಮಾಣ ಹೇಗೆ ಸರಿಯಾಗುತ್ತದೆ? ಲೆಕ್ಕ ಹಾಕಿ. ನೀವು ಹಾರಿಸಿದ ಮೊದಲ ಹತ್ತೂ ಹೆಡ್ ಬಿದ್ದವು ಅಂದುಕೊಳ್ಳಿ. ಮುಂದಿನ 990ರಲ್ಲಿ ನಾಣ್ಯ ಯಾವ ಪಕ್ಷಪಾತವನ್ನೂ ಮಾಡದೆ ಅರ್ಧಕ್ಕರ್ಧ, 495 ಹೆಡ್ ಕೊಟ್ಟಿತು. ಒಟ್ಟು ಸಾವಿರಕ್ಕೆ 505. ಶೇ 50.5. ಹತ್ತು ಸಾವಿರದವರೆಗೆ ಹೀಗೇ ಹೋದರೆ 5,005. ಶೇ 50.05. ಮೊದಲು ಸಿಕ್ಕಿದ ಐದರ ಹೆಚ್ಚಳವನ್ನು ಯಾರೂ ವಾಪಸು ಕೇಳಲಿಲ್ಲ; ಅದು ಹಾಗೇ ಉಳಿದಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾಡಿದ ಐನೂರು ರೂಪಾಯಿ ಸಾಲ ಆವತ್ತಿಗೆ ತಲೆನೋವು. ಸಂಬಳ ಐವತ್ತು ಸಾವಿರ ಆದಾಗ ಸಾಲ ತೀರಿಸದಿದ್ದರೂ ಅದು ಕಣ್ಣಿಗೇ ಬೀಳುವುದಿಲ್ಲ. ನಾಣ್ಯದ ಹಳೆಯ ವ್ಯತ್ಯಾಸದ ಕತೆಯೂ ಅಷ್ಟೇ: ತೀರಲಿಲ್ಲ, ಮುಳುಗಿಹೋಯಿತು.

ಹಾಗಾದರೆ ವ್ಯತ್ಯಾಸ ಎಷ್ಟು ಬೆಳೆಯಬಹುದು? ಇದಕ್ಕೂ ಒಂದು ಅಳತೆ ಇದೆ. ಎಷ್ಟು ಸಲ ಹಾರಿಸಿದಿರೋ ಅದರ ವರ್ಗಮೂಲ ತೆಗೆದು ಅರ್ಧ ಮಾಡಿ. ನೂರಕ್ಕೆ ಐದು. ಹತ್ತು ಸಾವಿರಕ್ಕೆ ಐವತ್ತು. ಹತ್ತು ಲಕ್ಷಕ್ಕೆ ಐನೂರು. ಸಾಮಾನ್ಯವಾಗಿ ಅರ್ಧದಿಂದ ಇಷ್ಟರ ಆಸುಪಾಸಿನಲ್ಲಿ ಓಲಾಡುತ್ತದೆ. ಇದರ ಎರಡರಷ್ಟನ್ನು ದಾಟುವುದು ನೂರಕ್ಕೆ ಐದು ಸಲ. ಕೆರಿಚ್‌ನ ಅರವತ್ತೇಳು ಐವತ್ತಕ್ಕಿಂತ ಜಾಸ್ತಿ, ನೂರಕ್ಕಿಂತ ಕಡಿಮೆ, ಸಹಜವೇ. ಇದೇ ಅಳತೆಯನ್ನು ಶೇಕಡಾ ಮಾಡಿ ನೋಡಿ: ಶೇ 5, ಆಮೇಲೆ ಶೇ 0.5, ಆಮೇಲೆ ಶೇ 0.05. ಟಾಸ್ ನೂರು ಪಟ್ಟು ಹೆಚ್ಚಿಸಿದರೆ ವ್ಯತ್ಯಾಸ ಹತ್ತು ಪಟ್ಟು ಬೆಳೆಯುತ್ತದೆ, ಪ್ರಮಾಣದ ತಪ್ಪು ಹತ್ತು ಪಟ್ಟು ಕುಗ್ಗುತ್ತದೆ. ನನ್ನನ್ನು ಕೇಳಿದರೆ ಇಡೀ ವಿಷಯದಲ್ಲಿ ನೆನಪಿಟ್ಟುಕೊಳ್ಳಬೇಕಾದದ್ದು ಈ ವರ್ಗಮೂಲ. ನಿಯಮದ ಹೆಸರು ಮರೆತರೂ ನಡೆಯುತ್ತದೆ.

ಇನ್ನೊಂದು ತಮಾಷೆ ಇದೆ. ನೂರು ಸಲ ಹಾರಿಸಿದರೆ ಸರಿಯಾಗಿ ಐವತ್ತು ಹೆಡ್ ಬೀಳುವ ಸಾಧ್ಯತೆ ಶೇ 8. ಹತ್ತು ಸಾವಿರ ಸಲ ಹಾರಿಸಿದರೆ ಸರಿಯಾಗಿ ಐದು ಸಾವಿರ ಬೀಳುವ ಸಾಧ್ಯತೆ ಶೇ 0.8. ಹೆಚ್ಚು ಹಾರಿಸಿದಷ್ಟೂ ಸಮಬಲ ಅಪರೂಪ. ‘ಕೊನೆಗೆ ಸರಿಹೋಗತ್ತೆ’ ಅನ್ನುವವರಿಗೆ ಇದನ್ನು ಹೇಳಿ ನೋಡಿ, ನಂಬುವುದಿಲ್ಲ.

ಇತಿಹಾಸವನ್ನು ಬೇಗ ಮುಗಿಸುತ್ತೇನೆ. ಈ ನಿಯಮವನ್ನು ಮೊದಲು ಸಾಧಿಸಿ ತೋರಿಸಿದವರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಯಾಕೋಬ್ ಬರ್ನೂಲಿ. ಇಪ್ಪತ್ತು ವರ್ಷ ಇದನ್ನು ತಲೆಯಲ್ಲಿಟ್ಟುಕೊಂಡಿದ್ದೆ ಅಂತ ಬರೆದುಕೊಂಡಿದ್ದಾರೆ. 1705ರಲ್ಲಿ ತೀರಿಕೊಂಡರು, ಪುಸ್ತಕ 1713ರಲ್ಲಿ ಅಚ್ಚಾಯಿತು. ಹೆಚ್ಚು ಸಲ ನೋಡಿದಷ್ಟೂ ತಪ್ಪು ಕಡಿಮೆಯಾಗುತ್ತದೆ ಅನ್ನುವುದು ಎಂಥ ದಡ್ಡನಿಗೂ ಸಹಜವಾಗಿ ತಿಳಿದಿರುತ್ತದೆ ಅಂತ ಅವರೇ ಒಪ್ಪಿಕೊಳ್ಳುತ್ತಾರೆ. ಅವರ ಪ್ರಶ್ನೆ ಬೇರೆ: ತಪ್ಪನ್ನು ನಮಗೆ ಬೇಕಾದಷ್ಟು ಚಿಕ್ಕದು ಮಾಡಬಹುದಾ, ಅಥವಾ ಎಲ್ಲೋ ಒಂದು ಕಡೆ ನಿಂತುಬಿಡುತ್ತದಾ? ನಿಲ್ಲುವುದಿಲ್ಲ ಅಂತ ತೋರಿಸಿದರು. ಆದರೆ ಎಷ್ಟು ಸಲ ನೋಡಬೇಕು ಅಂತ ಲೆಕ್ಕ ಹಾಕಿದಾಗ ಅವರ ಉದಾಹರಣೆಗೆ ಬಂದ ಉತ್ತರ 25,550. ಆ ಕಾಲಕ್ಕೆ ಅದು ಎದೆ ಒಡೆಯುವ ಸಂಖ್ಯೆ. ಅಷ್ಟೊಂದು ಬೇಡ, ವರ್ಗಮೂಲದ ದಾರಿಯಲ್ಲಿ ಹೋದರೆ ಬಹಳ ಕಡಿಮೆ ಸಾಕು ಅಂತ 1733ರಲ್ಲಿ ತೋರಿಸಿದವರು ಲಂಡನ್ನಿನಲ್ಲಿ ಪಾಠ ಹೇಳಿ ಹೊಟ್ಟೆ ಹೊರೆಯುತ್ತಿದ್ದ ಅಬ್ರಹಾಂ ದ ಮ್ವಾವ್ರ್. ‘ದೊಡ್ಡ ಸಂಖ್ಯೆಗಳ ನಿಯಮ’ ಅನ್ನುವ ಹೆಸರು ಬಂದದ್ದು ಇನ್ನೂ ನೂರು ವರ್ಷದ ಮೇಲೆ, ಫ್ರಾನ್ಸಿನ ಗಣಿತಜ್ಞ ಪ್ವಾಸೋನ್‌ನಿಂದ.

ಸಾಕು. ಈಗ ನಿಮ್ಮ ಸರದಿ.

(ಇಲ್ಲಿ ಸಭೆಯನ್ನು ಎರಡು ಪಾಲು ಮಾಡಿದೆ. ಎಡಗಡೆ ಬೆಂಚಿನವರು ನಾಣ್ಯವನ್ನು ನಿಜವಾಗಿ ನೂರು ಸಲ ಹಾರಿಸಿ ಬರೆಯಬೇಕು. ಬಲಗಡೆಯವರು ನಾಣ್ಯ ಮುಟ್ಟದೆ, ಹಾರಿಸಿದಂತೆ ಮನಸ್ಸಿನಲ್ಲೇ ಅಂದುಕೊಂಡು ಬರೆಯಬೇಕು. ಬೆಂಚಿನ ಕೆಳಗೆ ಉರುಳಿದ ನಾಣ್ಯ ಹುಡುಕುವ ಗಲಾಟೆ ಮುಗಿದ ಮೇಲೆ ಹಾಳೆಗಳನ್ನು ಕಲಸಿ ಕೊಡಲು ಹೇಳಿದೆ. ಹೆಚ್ಚಿನವನ್ನು ಯಾವ ಕಡೆಯದು ಅಂತ ಗುರುತಿಸಲು ತೊಂದರೆಯಾಗಲಿಲ್ಲ.)

ಇದರಲ್ಲಿ ಮಂತ್ರ ಇಲ್ಲ. ನಾನು ನೋಡಿದ್ದು ಒಂದನ್ನೇ: ಒಂದೇ ಮುಖ ಸತತವಾಗಿ ಎಷ್ಟು ಸಲ ಬಿದ್ದಿದೆ. ಮನಸ್ಸಿನಿಂದ ಬರೆದವರು ಮೂರು ಹೆಡ್ ಆದ ಕೂಡಲೇ ‘ಸಾಕು, ಜಾಸ್ತಿ ಆಯ್ತು’ ಅಂತ ಟೇಲ್ ಬರೆಯುತ್ತಾರೆ. ನಾಲ್ಕು ಬರೆಯುವಾಗ ಕೈ ನಡುಗುತ್ತದೆ. ನಿಜವಾದ ನಾಣ್ಯಕ್ಕೆ ಆ ಸಂಕೋಚ ಇಲ್ಲ. ನೂರು ಟಾಸ್‌ನಲ್ಲಿ ಎಲ್ಲಾದರೂ ಒಂದು ಕಡೆ ಸತತ ಐದು ಒಂದೇ ಮುಖ ಬೀಳುವ ಸಾಧ್ಯತೆ ಶೇ 97. ಸತತ ಆರು, ಶೇ 80. ಇಲ್ಲಿ ಒಬ್ಬ ಹುಡುಗಿಯ ಹಾಳೆಯಲ್ಲಿ ಸತತ ಎಂಟು ಟೇಲ್ ಇದೆ. ಆಮೇಲೆ ಒಂದು ಗೆರೆ ಎಳೆದಿದ್ದಾಳೆ. ಏನಮ್ಮ ಇದು ಅಂದರೆ, ‘ನಾಣ್ಯ ಕೆಟ್ಟಿದೆ ಅನ್ನಿಸ್ತು ಸರ್, ಬೇರೆ ನಾಣ್ಯ ತಗೊಂಡೆ’ ಅನ್ನುತ್ತಾಳೆ. ನಾಣ್ಯ ಚೆನ್ನಾಗೇ ಇದೆ ತಾಯಿ. ನೂರರ ಹಾಳೆಗಳಲ್ಲಿ ಸುಮಾರು ಮೂರಕ್ಕೆ ಒಂದರಲ್ಲಿ ಸತತ ಎಂಟು ಬಂದೇ ಬರುತ್ತದೆ.

ಕೆರಿಚ್ ಪಟ್ಟಿಯಲ್ಲಿ ಇನ್ನೊಂದು ವಿಚಿತ್ರ ಗಮನಿಸಿದಿರಾ? ಐನೂರರಿಂದ ಮುಂದೆ ನಾನು ಬರೆದ ಎಲ್ಲ ನಿಲ್ದಾಣಗಳಲ್ಲೂ ಹೆಡ್ಡೇ ಮುಂದಿದೆ. ಇಬ್ಬರು ಹೆಡ್ಡು ಟೇಲಿಗೆ ಪಂದ್ಯ ಕಟ್ಟಿ ಆಡಿದ್ದರೆ, ಟೇಲ್ ಕಡೆಯವನು ಎಲ್ಲಿ ನಿಂತು ಲೆಕ್ಕ ನೋಡಿದರೂ ಸಾಲದಲ್ಲೇ. ಅವನು ಅಂದುಕೊಳ್ಳುತ್ತಾನೆ, ಇದರಲ್ಲಿ ಮೋಸ ಇದೆ ಅಂತ. ಮೋಸ ಇಲ್ಲ. ಫ್ರಾನ್ಸಿನ ಪಾಲ್ ಲೆವಿ 1939ರಲ್ಲಿ ಇದರ ಗಣಿತ ಬಿಡಿಸಿದರು. ಹತ್ತು ಸಾವಿರ ಟಾಸ್‌ಗಳ ನ್ಯಾಯವಾದ ಆಟದಲ್ಲಿ ಇಬ್ಬರೂ ಸಮಸಮ ಹೊತ್ತು ಮುಂದಿರುವುದೇ ಎಲ್ಲಕ್ಕಿಂತ ಅಪರೂಪ. ಶೇ 90ಕ್ಕಿಂತ ಹೆಚ್ಚು ಹೊತ್ತು ಒಬ್ಬನೇ ಮುಂದಿರುವ ಸಾಧ್ಯತೆ ಸುಮಾರು ಶೇ 41. ಒಂದು ಸಲ ಹಿಂದೆ ಬಿದ್ದವನನ್ನು ಮೇಲೆತ್ತುವ ಕೈ ಯಾವುದೂ ಇಲ್ಲ. ಅವನು ಹಿಂದೆಯೇ ಅಲೆದಾಡುತ್ತಾನೆ. ಜೀವನಕ್ಕೆ ಹೋಲಿಸುವ ಆಸೆ ನನಗೂ ಆಗುತ್ತಿದೆ, ತಡೆದುಕೊಳ್ಳುತ್ತೇನೆ.

ಈಗ ನಮ್ಮ ಇಪ್ಪತ್ತಕ್ಕೆ ಬರೋಣ. ಎರಡನ್ನು ಇಪ್ಪತ್ತು ಸಲ ಗುಣಿಸಿದರೆ 10,48,576. ಅಂದರೆ ಹತ್ತೂವರೆ ಲಕ್ಷಕ್ಕೆ ಒಂದು. ಪತ್ರಿಕೆಗಳಲ್ಲಿ ಆವತ್ತು ಈ ಸಂಖ್ಯೆ ಓಡಾಡಿತು. ಗುಣಾಕಾರ ಸರಿ, ಪ್ರಶ್ನೆ ತಪ್ಪು. 2023ರ ಆ ಫೈನಲ್‌ಗೆ ಮುಂಚೆ ಯಾರಾದರೂ ‘ಇವತ್ತಿನಿಂದ ಭಾರತ ಇಪ್ಪತ್ತು ಟಾಸ್ ಸೋಲುತ್ತದೆ’ ಅಂತ ಚೀಟಿ ಬರೆದಿಟ್ಟಿದ್ದರೆ ಹತ್ತೂವರೆ ಲಕ್ಷಕ್ಕೆ ಒಂದು. ಯಾರೂ ಬರೆದಿರಲಿಲ್ಲ. ಸೋಲು ಉದ್ದವಾದ ಮೇಲೆ ನಾವು ತಿರುಗಿ ನೋಡಿದೆವು. ಹಾಗಾಗಿ ಕೇಳಬೇಕಾದದ್ದು: ಏಕದಿನ ಕ್ರಿಕೆಟ್ಟಿನ ಇಡೀ ಚರಿತ್ರೆಯಲ್ಲಿ ಯಾವುದೋ ಒಂದು ತಂಡ, ಯಾವಾಗಲಾದರೂ, ಸತತ ಇಪ್ಪತ್ತು ಸೋಲುವ ಸಾಧ್ಯತೆ ಎಷ್ಟು? ಇದುವರೆಗೆ ಪುರುಷರ ಏಕದಿನ ಪಂದ್ಯಗಳು ಸುಮಾರು ಐದು ಸಾವಿರ ನಡೆದಿವೆ. ಒಂದೊಂದಕ್ಕೆ ಎರಡು ತಂಡ, ಹತ್ತು ಸಾವಿರ ಫಲಿತಾಂಶ. ಒಂದು ಗೆಲುವಿನ ಹಿಂದೆಯೇ ಇಪ್ಪತ್ತು ಸೋಲು ಬರುವುದು ಸುಮಾರು ಇಪ್ಪತ್ತೊಂದು ಲಕ್ಷಕ್ಕೆ ಒಂದು. ಹತ್ತು ಸಾವಿರ ಅವಕಾಶ ಕೊಟ್ಟರೆ? ಇನ್ನೂರ ಹತ್ತಕ್ಕೆ ಒಂದು. ಸತತ ಇಪ್ಪತ್ತು ಗೆದ್ದಿದ್ದರೂ ನಾವು ಇಷ್ಟೇ ಬಾಯಿ ಬಿಡುತ್ತಿದ್ದೆವು. ಅದನ್ನೂ ಸೇರಿಸಿದರೆ ನೂರಕ್ಕೆ ಒಂದರ ಹತ್ತಿರ. ಟೆಸ್ಟ್, ಟಿ20, ಮಹಿಳೆಯರ ಪಂದ್ಯ ಎಲ್ಲ ಸೇರಿಸಿದರೆ ಇನ್ನೂ ಹತ್ತಿರ. ಅಪರೂಪವೇ, ಇಲ್ಲ ಅನ್ನುವುದಿಲ್ಲ. ಆದರೆ ಹೋಮ ಮಾಡಿಸುವಷ್ಟು ಅಪರೂಪ ಅಲ್ಲ.

‘ಬಂದೇ ಬರಬೇಕು’ ಅನ್ನುವ ನಂಬಿಕೆಗೆ ಕ್ರಿಕೆಟ್ಟಿನಲ್ಲಿ ಖರ್ಚಿಲ್ಲ. ಬೇರೆ ಕಡೆ ಇದೆ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋ ಜೂಜುಮನೆಯಲ್ಲಿ ರೂಲೆಟ್ ಚಕ್ರದ ಚೆಂಡು ಸತತ 26 ಸಲ ಕಪ್ಪಿನ ಮೇಲೆ ಬಿತ್ತು. ಹದಿನೈದು ದಾಟಿದ ಮೇಲೆ ಜನ ಮುಗಿಬಿದ್ದು ಕೆಂಪಿಗೆ ಕಟ್ಟಿದರು. ಒಂದೊಂದು ಸಲ ಕಪ್ಪು ಬಿದ್ದಾಗಲೂ ಕೆಂಪಿಗೆ ಇನ್ನಷ್ಟು ಸುರಿದರು. ರಾತ್ರಿ ಕಳೆಯುವಷ್ಟರಲ್ಲಿ ಜೂಜುಮನೆಯ ಹುಂಡಿ ತುಂಬಿತ್ತು.

ಅಷ್ಟು ದೂರ ಯಾಕೆ? ನಮ್ಮಲ್ಲಿ ಓಸಿ ಇದೆ, ಮಟ್ಕಾ. ಕಾನೂನಿನ ಪ್ರಕಾರ ಇಲ್ಲ, ಆದರೆ ಇದೆ. ಓಸಿ ಬರೆಸುವವರ ಜೇಬಿನಲ್ಲಿ ಮಡಿಕೆ ಮಡಿಕೆಯಾದ ಚಾರ್ಟು ಇರುತ್ತದೆ, ನೋಡಿದ್ದೀರಾ? ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ ಅಂಕಿಗಳು, ಓರೆ ಗೆರೆಗಳು. ‘ಮೂರು ಬಂದು ಬಹಳ ದಿನ ಆಯ್ತು, ಇವತ್ತು ಮೂರು ಓಡಬೇಕು.’ ಶ್ರದ್ಧೆಯಲ್ಲಿ ನಮ್ಮ ಸಂಶೋಧನಾ ವಿದ್ಯಾರ್ಥಿಗಳಿಗಿಂತ ಒಂದು ಕೈ ಮೇಲು. ಒಂದಂಕಿ ಆಟದಲ್ಲಿ ಹತ್ತು ಅಂಕಿ, ಬಂದರೆ ಸಾಮಾನ್ಯವಾಗಿ ಒಂದಕ್ಕೆ ಒಂಬತ್ತು. ಅಂದರೆ ಸರಾಸರಿ ರೂಪಾಯಿಗೆ ಹತ್ತು ಪೈಸೆ ನಷ್ಟ. ಆದರೂ ಜನ ಯಾಕೆ ಬಿಡುವುದಿಲ್ಲ? ಹತ್ತು ಸಲ ಕಟ್ಟಿದವರನ್ನು ನೋಡಿ. ಎರಡು ಸಲ ಅಂಕಿ ಬಂದರೆ ಲಾಭ. ಹಾಗೆ ಲಾಭದಲ್ಲಿರುವವರು ಶೇ 26. ನಾಲ್ಕು ಜನರಲ್ಲಿ ಒಬ್ಬ! ಟೀ ಅಂಗಡಿಯಲ್ಲಿ ಜೋರಾಗಿ ಮಾತಾಡುವವನು ಅವನೇ. ಸೋತ ಮೂವರು ಸುಮ್ಮನೆ ಟೀ ಕುಡಿಯುತ್ತಿರುತ್ತಾರೆ. ಸಣ್ಣ ಸಂಖ್ಯೆಯಲ್ಲಿ ಆಡುವವನಿಗೆ ಅದೃಷ್ಟ ಕಾಣಿಸುತ್ತದೆ. ವರ್ಷವಿಡೀ ಚೀಟಿ ಬರೆಯುವ ಬಿಡ್ಡರನಿಗೆ ಅದೃಷ್ಟದ ಅಗತ್ಯವೇ ಇಲ್ಲ. ಅವನ ಪಾಲಿನ ಹತ್ತು ಪೈಸೆಯನ್ನು ಬರ್ನೂಲಿಯ ನಿಯಮ ಕಾಯುತ್ತದೆ. ಜಾತ್ರೆ ಮರೆಯಲ್ಲಿ ಆಡುವ ಅಂದರ್ ಬಾಹರ್ ಕೂಡ ಅರ್ಧರ್ಧ ಅಲ್ಲ. ಎಲೆ ಮೊದಲು ಬೀಳುವ ಕಡೆಗೆ ಗೆಲ್ಲುವ ಸಾಧ್ಯತೆ ಶೇ 51.5. ಒಂದು ರಾತ್ರಿಯ ಆಟದಲ್ಲಿ ಈ ಒಂದೂವರೆ ಯಾರಿಗೂ ಗೊತ್ತಾಗುವುದಿಲ್ಲ.

ಜೂಜಿನ ಮಾತು ಬಿಡೋಣ, ಇಲ್ಲಿ ಮೇಷ್ಟ್ರುಗಳು ಕೂತಿದ್ದೀರಿ. ಪ್ರತಿ ವರ್ಷ ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಎರಡು ಪಟ್ಟಿ ಬರುತ್ತವೆ. ನೂರಕ್ಕೆ ನೂರು ಬಂದ ಶಾಲೆಗಳು, ಶೂನ್ಯ ಬಂದ ಶಾಲೆಗಳು. ಮೊದಲನೆಯವರಿಗೆ ಹಾರ, ಎರಡನೆಯವರಿಗೆ ನೋಟಿಸು. ಆ ಎರಡೂ ಪಟ್ಟಿಯ ಪಕ್ಕದಲ್ಲಿ ಎಷ್ಟು ಮಕ್ಕಳು ಪರೀಕ್ಷೆ ಬರೆದರು ಅನ್ನುವ ಅಂಕಣವನ್ನು ಹುಡುಕಿ ಓದಿ ಅಂತ ನನ್ನ ಸಲಹೆ. ಒಂದು ಊಹೆಯ ಲೆಕ್ಕ ಹಾಕೋಣ. ಐದೇ ಮಕ್ಕಳಿರುವ ಸಾವಿರ ಶಾಲೆಗಳಿವೆ. ಎಲ್ಲ ಶಾಲೆಯೂ ಒಂದೇ ಮಟ್ಟದ್ದು. ಯಾವ ಮಗುವನ್ನು ತೆಗೆದುಕೊಂಡರೂ ಪಾಸಾಗುವ ಸಾಧ್ಯತೆ ಶೇ 60. ಐವರೂ ಪಾಸಾಗುವ ಶಾಲೆ ಸುಮಾರು 78. ಐವರೂ ಫೇಲಾಗುವ ಶಾಲೆ ಸುಮಾರು 10. ಹಾರವೂ ನೋಟಿಸೂ ಒಂದೇ ಗುಣಮಟ್ಟದ ಶಾಲೆಗಳಿಗೆ ಹೋಯಿತು! ಅದೇ ಮಟ್ಟದ, 120 ಮಕ್ಕಳ ಶಾಲೆ ತೆಗೆದುಕೊಳ್ಳಿ. 72ರ ಆಚೀಚೆ ಹತ್ತು ಹನ್ನೊಂದರೊಳಗೇ ಇರುತ್ತದೆ. ನೂರಕ್ಕೆ ನೂರೂ ಇಲ್ಲ, ಸೊನ್ನೆಯೂ ಇಲ್ಲ. ದೊಡ್ಡ ಶಾಲೆ ಎಷ್ಟೇ ಚೆನ್ನಾಗಿದ್ದರೂ ಮೊದಲ ಪಟ್ಟಿಗೆ ಏರುವುದು ಕಷ್ಟ, ಎಷ್ಟೇ ಕೆಟ್ಟಿದ್ದರೂ ಎರಡನೆಯದಕ್ಕೆ ಇಳಿಯುವುದು ಕಷ್ಟ. ಎಲ್ಲ ಶೂನ್ಯವೂ ಬರೀ ಆಕಸ್ಮಿಕ ಅಂತ ನಾನು ಹೇಳುತ್ತಿಲ್ಲ. ಒಂದೇ ವರ್ಷದ ಐದು ಮಕ್ಕಳನ್ನು ನೋಡಿ ಹೇಳಲಾಗುವುದಿಲ್ಲ, ಐದಾರು ವರ್ಷದ ಮಕ್ಕಳನ್ನು ಒಟ್ಟು ಸೇರಿಸಿ ನೋಡಿ ಅಂತಷ್ಟೇ.

ಪ್ರಶ್ನೆಗಳಿದ್ದರೆ ಕೇಳಿ.

(ಮೊದಲ ಪ್ರಶ್ನೆ ಒಬ್ಬರು ಅಧ್ಯಾಪಕರದು: ‘ಈ ನಿಯಮ ಎಲ್ಲ ಕಡೆ ನಡೆಯುತ್ತದಾ ಸರ್? ಮಕ್ಕಳು ನಾಣ್ಯ ಅಲ್ಲವಲ್ಲ.’)

ಒಳ್ಳೆಯ ಕಡೆ ಹಿಡಿದಿರಿ. ನಾನು ಮಾಡಿದ್ದು ಊಹೆಯ ಲೆಕ್ಕ. ಒಂದು ಟಾಸ್ ಇನ್ನೊಂದಕ್ಕೆ ಸಂಬಂಧಪಡಬಾರದು ಅನ್ನುವುದು ಇಲ್ಲಿ ಮುಖ್ಯ ಷರತ್ತು. ವರ್ಷವೆಲ್ಲ ಗಣಿತದ ಮೇಷ್ಟ್ರೇ ಇಲ್ಲದ ಶಾಲೆಯಲ್ಲಿ ಐದು ಮಕ್ಕಳು ಐದು ಟಾಸ್ ಅಲ್ಲ, ಒಂದೇ ಟಾಸ್. ವಿಮೆಯಲ್ಲಿ ಇದು ಇನ್ನೂ ಸ್ಪಷ್ಟ. ಲಕ್ಷ ಬೈಕುಗಳಿಗೆ ವಿಮೆ ಕೊಟ್ಟರೆ ಈ ವರ್ಷ ಎಷ್ಟು ಅಪಘಾತ ಅಂತ ಕಂಪನಿ ಹೆಚ್ಚುಕಡಿಮೆ ಮೊದಲೇ ಹೇಳಬಲ್ಲದು. ಒಂದು ಬೈಕು ಬಿದ್ದದ್ದಕ್ಕೆ ಪಕ್ಕದ ಊರಿನ ಬೈಕು ಬೀಳುವುದಿಲ್ಲ. ಆದರೆ ಒಂದೇ ತಾಲ್ಲೂಕಿನ ಲಕ್ಷ ರೈತರಿಗೆ ಬೆಳೆ ವಿಮೆ ಕೊಟ್ಟರೆ? ಮಳೆ ಕೈಕೊಟ್ಟರೆ ಎಲ್ಲರಿಗೂ ಒಟ್ಟಿಗೇ ಕೈಕೊಡುತ್ತದೆ. ಅಲ್ಲಿ ಲಕ್ಷ ಅನ್ನುವುದು ದೊಡ್ಡ ಸಂಖ್ಯೆಯೇ ಅಲ್ಲ. ಬೆಳೆ ವಿಮೆಗೆ ಸರ್ಕಾರದ ಬೆನ್ನಾಸರೆ ಬೇಕಾಗುವುದಕ್ಕೆ ಇದೂ ಒಂದು ಕಾರಣ. ಇನ್ನು ಅರ್ಧರ್ಧ ಆಗಬೇಕು ಅನ್ನುವ ಷರತ್ತೇನೂ ಇಲ್ಲ. ಅದೇ ಶಿಬಿರದಲ್ಲಿ ಕೆರಿಚ್ ಮರದ ಬಿಲ್ಲೆಯೊಂದಕ್ಕೆ ಸೀಸ ಬಳಿದು ಅದನ್ನೂ ಹಾರಿಸಿ ನೋಡಿದರು. ಅದು ಒಂದೇ ಕಡೆ ಹೆಚ್ಚು ಬೀಳುತ್ತಿತ್ತು. ಅದರ ಪ್ರಮಾಣವೂ ನಿಯಮದಂತೆಯೇ ತನ್ನ ಜಾಗದಲ್ಲಿ ನೆಲೆ ನಿಲ್ಲುತ್ತದೆ.

(ಎರಡನೆಯದು ಮುಂದಿನ ಸಾಲಿನ ವಿದ್ಯಾರ್ಥಿಯದು: ‘ಟಾಸ್ ಹಾಕುವಾಗ ಮೇಲೆ ಯಾವ ಮುಖ ಇರುತ್ತೋ ಅದನ್ನೇ ಕೇಳಬೇಕು ಅಂತಾರೆ. ನಿಜವಾ ಸರ್?’)

ನಿಜ! ಪರ್ಸಿ ಡಯಾಕೊನಿಸ್ ಅಂತ ಅಮೆರಿಕದ ಗಣಿತಜ್ಞರಿದ್ದಾರೆ. ಹುಡುಗನಾಗಿದ್ದಾಗ ಮನೆ ಬಿಟ್ಟು ಹೋಗಿ ಜಾದೂಗಾರನಾಗಿದ್ದವರು. ಅವರೂ ಇಬ್ಬರು ಜೊತೆಗಾರರೂ 2007ರಲ್ಲಿ ಲೆಕ್ಕ ಹಾಕಿ ಹೇಳಿದರು: ಹೆಬ್ಬೆರಳಿನಿಂದ ಚಿಮ್ಮಿದ ನಾಣ್ಯ ಗಾಳಿಯಲ್ಲಿ ನೆಟ್ಟಗೆ ತಿರುಗುವುದಿಲ್ಲ, ಬುಗುರಿಯಂತೆ ಸ್ವಲ್ಪ ವಾಲಾಡುತ್ತದೆ, ಹಾಗಾಗಿ ಮೊದಲು ಮೇಲಿದ್ದ ಮುಖ ಮೇಲ್ಮುಖವಾಗಿರುವ ಹೊತ್ತು ಒಂದಿಷ್ಟು ಜಾಸ್ತಿ, ಅಂಗೈಯಲ್ಲಿ ಹಿಡಿದರೆ ಸುಮಾರು ಶೇ 51 ಸಲ ಅದೇ ಮುಖ ಸಿಗಬೇಕು. 2023ರಲ್ಲಿ ಯುರೋಪಿನ ಒಂದು ತಂಡ ಇದನ್ನು ಪರೀಕ್ಷಿಸಿತು. 48 ಜನ ಸೇರಿ 3,50,757 ಸಲ ಹಾರಿಸಿದರು. ಬಂದದ್ದು ಶೇ 50.8. ಮರುವರ್ಷ ಅವರಿಗೆ ಇಗ್ ನೊಬೆಲ್ ಕೊಟ್ಟರು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಕೆಲಸಕ್ಕೆ ಕೊಡುವ ಬಹುಮಾನ ಅದು.

ನಗುತ್ತಿದ್ದೀಯ, ಗೆಳೆಯರ ಹತ್ತಿರ ದುಡ್ಡು ಮಾಡುವ ಯೋಚನೆ ಬಂತು ಅಲ್ವಾ? ಲೆಕ್ಕ ಹಾಕಿ ಹೋಗು. ರೂಪಾಯಿಗೆ ರೂಪಾಯಿ ಕಟ್ಟಿ ಸಾವಿರ ಸಲ ಆಡಿದರೆ ನಿನ್ನ ಸರಾಸರಿ ಲಾಭ 16 ರೂಪಾಯಿ. ಆದರೆ ಸಾವಿರದ ವರ್ಗಮೂಲ ಸುಮಾರು 32. ನಿನ್ನ ಜೇಬು ಆಚೀಚೆ ಓಲಾಡುವುದು ಅಷ್ಟು; ಒಂದು ಟಾಸ್ ಆಚೀಚೆಯಾದರೆ ಜೇಬಿನಲ್ಲಿ ಎರಡು ರೂಪಾಯಿ ವ್ಯತ್ಯಾಸ, ಹಾಗಾಗಿ ಇಲ್ಲಿ ಅರ್ಧ ಮಾಡುವುದು ಬೇಡ. ಸಾವಿರ ಆಟ ಆದ ಮೇಲೂ ನೀನು ನಷ್ಟದಲ್ಲಿರುವ ಸಾಧ್ಯತೆ ಶೇ 30ರ ಹತ್ತಿರ. 50.8 ಬೇರೆ, 50 ಬೇರೆ ಅಂತ ಕಣ್ಣಿಗೆ ಸ್ಪಷ್ಟವಾಗಿ ಕಾಣಬೇಕಾದರೆ ಹದಿನೈದು ಹದಿನಾರು ಸಾವಿರ ಸಲ ಹಾರಿಸಬೇಕು. ಅಷ್ಟು ಹೊತ್ತು ಎದುರು ಕೂತು ಆಡುವ ಗೆಳೆಯ ಸಿಕ್ಕಿದರೆ, ಅವನಿಗೆ ಕಾಣದ ಹಾಗೆ ನಾಣ್ಯವನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡೇ ಚಿಮ್ಮು. ಮೇಲಿದ್ದ ಮುಖ ಅವನಿಗೂ ಕಂಡರೆ ಅವನೂ ಅದನ್ನೇ ಕೇಳುತ್ತಾನೆ.